ಸೀಸೆಯ ತಳದ ಬಿಳಿಯ ಗಸಿ

ಪಾನೀಯವು ತಿಳಿಯಾಗಿದ್ದರೆ ಶುದ್ಧ, ಕದಡಿದ್ದರೆ ಅಶುದ್ಧ ಎಂಬುದು ಲೋಕದ ಸಾಮಾನ್ಯ ಎಣಿಕೆ. ಕಾಫಿಯ ಲೋಟದ ತಳದಲ್ಲಿ ಗಷ್ಟು ಕಂಡರೆ ಮನೆಯ ಯಜಮಾನರ ಹುಬ್ಬು ಗಂಟಿಕ್ಕುತ್ತದೆ. ಆದರೆ ಜರ್ಮನಿಯ ದಕ್ಷಿಣ ಭಾಗವಾದ ಬವೇರಿಯದಲ್ಲಿ ಈ ಎಣಿಕೆಯನ್ನು ತಲೆಕೆಳಗು ಮಾಡಿದ ಪಾನೀಯವೊಂದಿದೆ. ಅದೇ ಗೋಧಿಯ ಬಿಯರು. ಅಲ್ಲಿಯ ಜನ ಅದನ್ನು ‘ವೈಸ್‌ಬಿಯರ್’, ಎಂದರೆ ಬಿಳಿಯ ಬಿಯರು ಎಂದು ಕರೆಯುತ್ತಾರೆ. ಮಂಜು ಕವಿದಂತೆ ಮಸುಕಾಗಿರುವುದೇ ಅದರ ಲಕ್ಷಣ. ಸೀಸೆಯ ತಳದಲ್ಲಿ ನಿಂತ ಗಸಿಯನ್ನು ಚೆಲ್ಲದೆ, ಕುಲುಕಿ ಲೋಟಕ್ಕೆ ಬೆರೆಸಿಕೊಳ್ಳುವುದು ಅಲ್ಲಿಯ ಪದ್ಧತಿ.

ಈ ಬಿಯರಿನ ಚರಿತ್ರೆಯೂ ಸ್ವಾರಸ್ಯವಾದುದೇ. 1516ರಲ್ಲಿ ಬವೇರಿಯದ ಡ್ಯೂಕರು ಹೊರಡಿಸಿದ ಶಾಸನವು ಜವೆಗೋಧಿ, ಹಾಪ್ ಹೂವು ಮತ್ತು ನೀರು ಈ ಮೂರರ ಹೊರತು ಬಿಯರಿಗೆ ಬೇರೇನನ್ನೂ ಬಳಸಕೂಡದೆಂದು ವಿಧಿಸಿತು. ಆದರೂ ಡೇಗನ್‌ಬರ್ಗ್ ಎಂಬ ಶ್ರೀಮಂತ ಮನೆತನಕ್ಕೆ ಗೋಧಿಯ ಬಿಯರು ತಯಾರಿಸುವ ಸನ್ನದು ದೊರೆತಿತ್ತು. 1602ರಲ್ಲಿ ಆ ಮನೆತನ ವಾರಸುದಾರರಿಲ್ಲದೆ ಅಳಿಯಿತು. ಸನ್ನದು ಡ್ಯೂಕ್ ಮ್ಯಾಕ್ಸಿಮಿಲಿಯನ್ನನ ಕೈಸೇರಿ ರಾಜ್ಯದ ಬೊಕ್ಕಸಕ್ಕೆ ಹೇರಳವಾದ ಆದಾಯ ತಂದಿತು. ಕಾಲಕ್ರಮದಲ್ಲಿ ಜನರ ರುಚಿ ಜವೆಗೋಧಿಯ ಬಿಯರಿನ ಕಡೆಗೆ ತಿರುಗಲು, ಗೋಧಿಯ ಬಿಯರು ಮೂಲೆಗುಂಪಾಯಿತು. 1872ರಲ್ಲಿ ಗಿಯೋರ್ಗ್ ಶ್ನೈಡರ್ ಎಂಬಾತ ಅದನ್ನು ತಯಾರಿಸುವ ಹಕ್ಕನ್ನು ಅರಮನೆಯಿಂದ ಪಡೆದು, ಆ ಕಸಬು ನಂದಿಹೋಗದಂತೆ ಕಾಪಾಡಿದನು.

ಆ ಹಳೆಯ ಶಾಸನದಲ್ಲಿ ಯೀಸ್ಟಿನ ಹೆಸರೇ ಇಲ್ಲ. ಹಿಟ್ಟನ್ನು ಉಬ್ಬಿಸುವ, ರಸವನ್ನು ಹುದುಗಿಸುವ ಶಕ್ತಿಯ ಗುಟ್ಟು ಅಂದಿನವರಿಗೆ ತಿಳಿದಿರಲಿಲ್ಲ. 1680ರಲ್ಲಿ ಹಾಲೆಂಡಿನ ಲೇವನ್‌ಹುಕ್ ತನ್ನ ಸೂಕ್ಷ್ಮದರ್ಶಕದಲ್ಲಿ ಬಿಯರಿನ ಹನಿಯನ್ನಿಟ್ಟು ನೋಡಿ, ಅದರಲ್ಲಿ ಪುಟ್ಟ ಗುಂಡುಗಳಿರುವುದನ್ನು ಕಂಡನು. ಅವು ಜೀವಿಗಳೆಂದು ಮಾತ್ರ ಅವನಿಗೆ ಹೊಳೆಯಲಿಲ್ಲ. 1876ರಲ್ಲಿ ಲೂಯಿ ಪಾಶ್ಚರನು ಬಿಯರನ್ನು ಕುರಿತ ತನ್ನ ಗ್ರಂಥದಲ್ಲಿ, ಹುದುಗುವುದಕ್ಕೆ ಯೀಸ್ಟೂ ಕೆಡುವುದಕ್ಕೆ ಇತರ ಸೂಕ್ಷ್ಮಜೀವಿಗಳೂ ಕಾರಣವೆಂದು ವಿವರಿಸಿದನು. ಸೀಸೆಯ ತಳದ ಬಿಳಿಯ ಗಸಿ ಬಹುಮಟ್ಟಿಗೆ ಈ ಯೀಸ್ಟಿನ ಕಣಗಳೇ. ಒಂದೊಂದು ಕಣವೂ ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತ ಚಿಕ್ಕದು.

ಇಂಗ್ಲೆಂಡಿನಲ್ಲಿ 1963ರಲ್ಲಿ ಮನೆಬಳಕೆಯ ಬಿಯರಿಗೆ ಲೈಸೆನ್ಸಿನ ಕಟ್ಟು ಸಡಿಲಿತು. ಅಮೆರಿಕದಲ್ಲಿ 1978ರ ಕಾಯಿದೆ ಅದಕ್ಕೆ ಹಾದಿ ತೆರೆಯಿತು. ಅಂದಿನಿಂದ ಆ ದೇಶಗಳಲ್ಲಿ ಎಷ್ಟೋ ಮಂದಿ ಇದನ್ನು ಹವ್ಯಾಸವಾಗಿ ಕೈಗೊಂಡಿದ್ದಾರೆ. ಗೋಧಿಯ ಬಿಯರು ತಯಾರಿಸಿದ ಹೊಸಬನನ್ನು ಕಾಡುವ ಪ್ರಶ್ನೆ ಒಂದೇ: ‘ಇದು ಕದಡಿರುವುದು ಸಹಜವೋ, ಕೆಟ್ಟುಹೋಗಿದೆಯೋ?’ ವಾರಗಟ್ಟಲೆಯ ದುಡಿಮೆಯನ್ನು ಬಚ್ಚಲಿಗೆ ಸುರಿಯಬೇಕೆ ಬೇಡವೆ ಎಂಬುದು ಇದರ ಉತ್ತರವನ್ನು ಅವಲಂಬಿಸಿದೆ.

ಕದಡಿಗೆ ಕಾರಣಗಳು ಹಲವು. ಯೀಸ್ಟು ಮೊದಲನೆಯದು. ಗೋಧಿಯ ಬಿಯರಿಗೆ ಬಳಸುವ ಯೀಸ್ಟು ಗುಂಪುಗೂಡಿ ಬೇಗನೆ ತಳಕ್ಕಿಳಿಯುವ ಜಾತಿಯದಲ್ಲ. ಬಹುಕಾಲ ತೇಲುತ್ತಲೇ ಇರುತ್ತದೆ. ಎರಡನೆಯದು ಗೋಧಿಯಲ್ಲಿ ಹೆಚ್ಚಾಗಿರುವ ಸಸಾರಜನಕ, ಎಂದರೆ ಪ್ರೋಟೀನು. ಅದು ಧಾನ್ಯದ ಸಿಪ್ಪೆಯ ಮತ್ತು ಹಾಪ್ ಹೂವಿನ ಒಗರಿನೊಡನೆ ಕೂಡಿ ಅತಿ ನವಿರಾದ ಮಸುಕನ್ನುಂಟುಮಾಡುತ್ತದೆ. ತಣ್ಣಗಾದಾಗ ಮೂಡಿ, ಬೆಚ್ಚಗಾದಾಗ ಕರಗುವುದು ಈ ಮಸುಕಿನ ಗುರುತು. ಮೂರನೆಯದು ಸಕ್ಕರೆಯಾಗಿ ಮಾರ್ಪಡದೆ ಉಳಿದ ಪಿಷ್ಟ. ಒಂದು ಚಮಚೆ ಬಿಯರನ್ನು ಬೇರೆಯಾಗಿ ತೆಗೆದು ಅದಕ್ಕೆ ಒಂದು ಹನಿ ಅಯೋಡಿನ್ ಹಾಕಿದರೆ, ಪಿಷ್ಟವಿದ್ದಲ್ಲಿ ಗಂಜಿಯಂತೆಯೇ ಅದೂ ನೀಲಿಗಟ್ಟುತ್ತದೆ. ಪರೀಕ್ಷೆಗೆ ಬಳಸಿದ್ದನ್ನು ಚೆಲ್ಲಿಬಿಡಬೇಕು.

ಈ ಮೂರರಿಂದಲೂ ಭಯವಿಲ್ಲ. ಭಯಪಡಬೇಕಾದುದು ನಾಲ್ಕನೆಯದಕ್ಕೆ: ಹೊರಗಿನ ಸೂಕ್ಷ್ಮಜೀವಿಗಳ ಸೋಂಕಿಗೆ. ಕಟುವಾದ ಹುಳಿ, ಲೋಳೆ ಎಳೆಯುವುದು, ಮೇಲೆ ಪೊರೆ ಕಟ್ಟುವುದು, ಇವು ಅದರ ಲಕ್ಷಣಗಳು. ಬಾಳೆಹಣ್ಣಿನ ಮತ್ತು ಲವಂಗದ ವಾಸನೆ ಬಂದರೆ ಗಾಬರಿ ಬೇಡ; ಅದು ಈ ಜಾತಿಯ ಯೀಸ್ಟಿನ ಹುಟ್ಟುಗುಣ. ಕಣ್ಣಿನ ತೀರ್ಪನ್ನು ಮೂಗು ಮತ್ತು ನಾಲಿಗೆ ಅನುಮೋದಿಸುವವರೆಗೆ ಬಿಯರನ್ನು ಚೆಲ್ಲಬಾರದು.

ಸೀಸೆಯೊಳಗೆ ಯೀಸ್ಟು ಸುಮ್ಮನೆ ಕೂತಿರುವುದಿಲ್ಲ. ತುಂಬುವಾಗ ಲೀಟರಿಗೆ 4 ಗ್ರಾಂ ಸಕ್ಕರೆ ಬೆರೆಸಿದರೆ, ಅದನ್ನು ತಿಂದು ಸುಮಾರು 2 ಗ್ರಾಂ, ಎಂದರೆ ಹೆಚ್ಚುಕಡಿಮೆ ಒಂದು ಲೀಟರು ಇಂಗಾಲಾಮ್ಲ ಅನಿಲವನ್ನು ಅದು ಹೊರಬಿಡುತ್ತದೆ. ಲೋಟದ ಮೇಲಿನ ದಟ್ಟ ನೊರೆಗೆ ಈ ಅನಿಲವೇ ಆಧಾರ. ಆದರೆ ಹುದುಗುವುದು ಮುಗಿಯುವ ಮೊದಲೇ ಸೀಸೆಗೆ ತುಂಬಿದರೆ, ಉಳಿದ ಸಕ್ಕರೆಯೂ ಅನಿಲವಾಗಿ ಸೀಸೆ ಸಿಡಿದು ಗಾಜಿನ ಚೂರುಗಳು ಕೈಗೂ ಕಣ್ಣಿಗೂ ಅಪಾಯ ತಂದಾವು. ಆದುದರಿಂದ ರಸದ ಸಾಂದ್ರತೆಯನ್ನು ಅಳೆದು, ಹಲವು ದಿನ ಅದು ಇಳಿಯದೆ ನಿಂತ ಮೇಲೆಯೇ ದಪ್ಪ ಗಾಜಿನ ಸೀಸೆಗಳಿಗೆ ತುಂಬುವುದು ಕ್ಷೇಮ.

ಹೀಗೆ ತುಂಬಿದ ಸೀಸೆಯನ್ನು ತಣ್ಣನೆಯ ಕಡೆ ನಿಲ್ಲಿಸಿದರೆ, ದಿನಗಳುರುಳಿದಂತೆ ಮೇಲಿನ ಭಾಗ ತಿಳಿಯಾಗುತ್ತ, ತಳದಲ್ಲಿ ಬಿಳಿಯ ಪದರ ಕಟ್ಟುತ್ತದೆ. ತಿಳಿಯೇ ಬೇಕೆನ್ನುವವರು ಸೀಸೆಯನ್ನು ಅಲುಗಿಸದೆ ಬಗ್ಗಿಸಿ, ಕೊನೆಯ ಒಂದು ಬೆರಳಿನಷ್ಟನ್ನು ತಳದಲ್ಲೇ ಬಿಡುತ್ತಾರೆ. ಅಂಥವರಿಗಾಗಿಯೇ ಬವೇರಿಯದ ಕಾರ್ಖಾನೆಗಳು ಸೋಸಿ ತೆಗೆದ ‘ಕ್ರಿಸ್ಟಾಲ್’ ಎಂಬ ಬಗೆಯನ್ನೂ ಮಾರುತ್ತವೆ. ಆದರೆ ಬಹಳ ಕಾಲ ಇಟ್ಟರೆ ಯೀಸ್ಟಿನ ಕಣಗಳು ಸತ್ತು ಒಡೆದು ಅಹಿತವಾದ ರುಚಿ ಕೊಡುವುದರಿಂದ, ಈ ಬಿಯರಿಗೆ ಹಳತಾಗುವುದು ಹಿತವಲ್ಲ.

ಕಸವೆಂದು ಕಾಣುವ ಈ ಗಸಿಯೇ ಭಾರತದಲ್ಲಿ ಒಮ್ಮೆ ಔಷಧವಾದುದುಂಟು. ಮುಂಬಯಿಯ ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ರಕ್ತಹೀನತೆಯನ್ನು ಅಭ್ಯಸಿಸುತ್ತಿದ್ದ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ, ಬಿಯರಿನ ಯೀಸ್ಟಿನಿಂದ ತೆಗೆದ ‘ಮಾರ್ಮೈಟ್’ ಸಾರವನ್ನು ಕೊಟ್ಟು ಅವರು ಚೇತರಿಸಿಕೊಂಡುದನ್ನು 1931ರಲ್ಲಿ ಪ್ರಕಟಿಸಿದರು. ಅದರೊಳಗಿನ ಗುಣಕಾರಿ ವಸ್ತುವೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ಇಂದಿಗೂ ವೈದ್ಯರು ಅದನ್ನು ಗರ್ಭಿಣಿಯರಿಗೆ ಮಾತ್ರೆಯಾಗಿ ಕೊಡುತ್ತಾರೆ. ಬಿಯರನ್ನು ಮುಟ್ಟದ ಮನೆಗಳಿಗೂ ಆ ಗಸಿಯ ಉಪಕಾರ ಹೀಗೆ ಬಂದು ಮುಟ್ಟಿದೆ.