ಮೆಡಿಕಲ್ ಸ್ಕೂಲಿನ ಲೆಕ್ಕ ಇಲ್ಲಿ ನಡೆಯದು: ಕ್ಲಿನಿಕಲ್ ಸೈಕಾಲಜಿ ಪ್ರವೇಶದ ಬಗ್ಗೆ ಕೆಲವು ಮಾತು

ನನ್ನ ತಮ್ಮನ ಮಗಳು ಕಾಲೇಜಿನ ಮೂರನೆಯ ವರ್ಷದಲ್ಲಿದ್ದಾಗ ದೀಪಾವಳಿಗೆಂದು ನಮ್ಮ ಮನೆಗೆ ಬಂದವಳು, "ದೊಡ್ಡಪ್ಪಾ, ನಾನು ಮೆಡಿಕಲ್‌ಗೆ ಹೋಗಲ್ಲ. ಕ್ಲಿನಿಕಲ್ ಸೈಕಾಲಜಿಯಲ್ಲಿ ಪಿಎಚ್.ಡಿ. ಮಾಡ್ತೀನಿ. ಅಪ್ಪನಿಗೆ ನೀವೇ ಹೇಳಿ" ಅಂದಳು. ಹೇಳಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಮ್ಮ ಕೂಟದ ಎಷ್ಟೋ ಮಕ್ಕಳಿಗೆ ಮೆಡಿಕಲ್ ಸ್ಕೂಲಿನ ಅರ್ಜಿಗೆ ನೆರವಾದವನು ನಾನು ಎಂಬ ಹಮ್ಮಿನಲ್ಲಿ ಅವಳ ಅರ್ಜಿಯ ಉಸ್ತುವಾರಿಯನ್ನೂ ಹೊತ್ತುಕೊಂಡೆ. ಮುಂದಿನ ವರ್ಷ 14 ವಿಶ್ವವಿದ್ಯಾಲಯಗಳಿಗೆ ಅರ್ಜಿ ಹೋಯಿತು. ಒಂದರಿಂದಲೂ ಸಂದರ್ಶನಕ್ಕೆ ಕರೆ ಬರಲಿಲ್ಲ. 3.9 ಜಿಪಿಎ ಇದ್ದ ಹುಡುಗಿ. ಎಲ್ಲಿ ತಪ್ಪಿದೆವು ಎಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು.

ಮೊದಲು, ಹಬ್ಬದ ಊಟದಲ್ಲಿ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ. ಸೈಕಿಯಾಟ್ರಿಸ್ಟ್ ಎಂದರೆ ಎಂ.ಡಿ. ಓದಿದ ಮನೋವೈದ್ಯ; ಔಷಧ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮನೋವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. ಪರೀಕ್ಷೆಗಳ ಮೂಲಕ ರೋಗನಿರ್ಣಯ ಮತ್ತು ಮಾತಿನ ಮೂಲಕ ಚಿಕಿತ್ಸೆ ಅವರ ಕೆಲಸ. ನ್ಯೂ ಮೆಕ್ಸಿಕೊ, ಲೂಯಿಸಿಯಾನದಂತಹ ಕೆಲವು ರಾಜ್ಯಗಳಲ್ಲಿ ಹೆಚ್ಚುವರಿ ತರಬೇತಿ ಪಡೆದವರನ್ನು ಬಿಟ್ಟರೆ ಅವರು ಔಷಧ ಬರೆಯುವಂತಿಲ್ಲ. ನಾನು ಬೆಂಗಳೂರಿನಲ್ಲಿ ಎಂಬಿಬಿಎಸ್ ಓದುವಾಗ ನಿಮ್ಹಾನ್ಸ್‌ನಲ್ಲಿ ಎರಡು ವಾರ ಪೋಸ್ಟಿಂಗ್ ಇತ್ತು. ಅಲ್ಲಿನ ಸೈಕಾಲಜಿಯವರು ಒಬ್ಬ ರೋಗಿಯೊಡನೆ ಗಂಟೆಗಟ್ಟಲೆ ಕೂತಿರುವುದನ್ನು ಕಂಡು, ಇವರಿಗೆ ಬೇರೆ ಕೆಲಸವಿಲ್ಲವೇ ಎಂದು ನಾವು ನಗುತ್ತಿದ್ದೆವು. ಆ ನಗು ಈಗ ನೆನಪಾದರೆ ನಾಚಿಕೆಯಾಗುತ್ತದೆ.

ಅಮೆರಿಕದಲ್ಲಿ ಇದಕ್ಕೆ ಎರಡು ದಾರಿಗಳಿವೆ. ಎರಡೂ ಕೊಲರಾಡೊದ ಎರಡು ಊರುಗಳಿಗೆ ತಳುಕು ಹಾಕಿಕೊಂಡಿರುವುದು ಒಂದು ಸ್ವಾರಸ್ಯ. ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರ ಮಾನಸಿಕ ಚಿಕಿತ್ಸೆಗೆ ಜನ ಸಾಲದೆ, 1949ರಲ್ಲಿ ಬೌಲ್ಡರ್‌ನಲ್ಲಿ ಒಂದು ಸಮ್ಮೇಳನ ನಡೆಯಿತು. ಸೈಕಾಲಜಿಸ್ಟ್ ಆದವನು ಸಂಶೋಧಕನೂ ಆಗಿರಬೇಕು, ಚಿಕಿತ್ಸಕನೂ ಆಗಿರಬೇಕು ಎಂದು ಅಲ್ಲಿ ತೀರ್ಮಾನವಾಯಿತು. ಪಿಎಚ್.ಡಿ. ದಾರಿ ಇದು. 1973ರಲ್ಲಿ ವೇಲ್‌ನಲ್ಲಿ ಸೇರಿದವರು, ಚಿಕಿತ್ಸೆಗೇ ಒತ್ತು ಕೊಡುವ ಇನ್ನೊಂದು ಪದವಿಯೂ ಸರಿಯೇ ಎಂದು ಒಪ್ಪಿದರು. ಅದು ಸೈ.ಡಿ. ಎರಡರಿಂದಲೂ ಲೈಸೆನ್ಸ್ ಸಿಗುತ್ತದೆ. ಆದರೆ ಪಿಎಚ್.ಡಿ.ಯಲ್ಲಿ ಬಹುಪಾಲು ಕಡೆ ಬೋಧನಾ ಶುಲ್ಕ ಮಾಫಿ, ಮೇಲೆ ತಿಂಗಳ ಸ್ಟೈಪೆಂಡ್. ಸೈ.ಡಿ.ಯಲ್ಲಿ ಸಾಮಾನ್ಯವಾಗಿ ಖರ್ಚು ನಮ್ಮದೇ. ಸಾಲ ಒಂದು ಲಕ್ಷ ಡಾಲರ್ ದಾಟುವುದು ಅಪರೂಪವಲ್ಲ. ಹಾಗಾಗಿಯೇ ಪಿಎಚ್.ಡಿ.ಗೆ ನುಗ್ಗಾಟ. ಹೆಸರಾದ ಒಂದೊಂದು ವಿಭಾಗಕ್ಕೂ ನೂರಾರು ಅರ್ಜಿ ಬರುತ್ತವೆ, ಸೇರಿಸಿಕೊಳ್ಳುವುದು ಹತ್ತು ಮಂದಿಯೊಳಗೆ.

ಆ ಹತ್ತು ಮಂದಿಯನ್ನು ಆರಿಸುವವರು ಯಾರು ಎಂಬುದೇ ನನಗೆ ಗೊತ್ತಿರಲಿಲ್ಲ. ಮೆಡಿಕಲ್ ಸ್ಕೂಲಿನಲ್ಲಿ ಒಂದು ಸಮಿತಿ ಇಡೀ ಬ್ಯಾಚನ್ನು ಆರಿಸುತ್ತದೆ. ಇಲ್ಲಿ ಹೆಚ್ಚಿನ ಕಡೆ ಒಬ್ಬ ಪ್ರೊಫೆಸರ್ ತನ್ನ ಲ್ಯಾಬಿಗೆ ಒಬ್ಬ ಶಿಷ್ಯನನ್ನು ಹುಡುಕುತ್ತಾರೆ, ಅದೂ ಪ್ರತಿವರ್ಷವಲ್ಲ. ಹದಿಹರೆಯದವರ ಖಿನ್ನತೆಯ ಮೇಲೆ ಕೆಲಸ ಮಾಡುವವರಿಗೆ, ವೃದ್ಧರ ಮರೆವಿನಲ್ಲಿ ಆಸಕ್ತಿಯಿರುವ ವಿದ್ಯಾರ್ಥಿ ಎಷ್ಟೇ ಜಾಣನಾಗಿದ್ದರೂ ಬೇಡ. ಈ ವರ್ಷ ಶಿಷ್ಯರನ್ನು ತೆಗೆದುಕೊಳ್ಳುತ್ತೇವೆಯೇ ಎಂಬುದನ್ನು ಅನೇಕ ಪ್ರೊಫೆಸರುಗಳು ಸೆಪ್ಟೆಂಬರ್ ಹೊತ್ತಿಗೆ ತಮ್ಮ ಪುಟದಲ್ಲೇ ಹಾಕಿರುತ್ತಾರೆ. ನಾವು ವಿಶ್ವವಿದ್ಯಾಲಯದ ಹೆಸರು ನೋಡಿ ಅರ್ಜಿ ಹಾಕಿದ್ದೆವು. ಆಮೇಲೆ ಪರಿಶೀಲಿಸಿದರೆ, 14ರಲ್ಲಿ ಐದು ಕಡೆ ಅವಳ ವಿಷಯದವರು ಆ ವರ್ಷ ಯಾರನ್ನೂ ತೆಗೆದುಕೊಳ್ಳುವವರೇ ಇರಲಿಲ್ಲ!

ಎರಡನೆಯ ತಪ್ಪು ಇನ್ನೂ ನೋಯಿಸುವಂಥದ್ದು. ನಮ್ಮ ಅಮ್ಮ, ಅಂದರೆ ಅವಳ ಅಜ್ಜಿ, ಕೊನೆಯ ವರ್ಷಗಳಲ್ಲಿ ಖಿನ್ನತೆಯಿಂದ ನರಳಿದರು. ಹುಡುಗಿಗೂ ಹೈಸ್ಕೂಲಿನಲ್ಲಿ ಆತಂಕದ ಕಾಯಿಲೆ ಇತ್ತು. ಇವೆರಡನ್ನೂ ತನ್ನ ಪರ್ಸನಲ್ ಸ್ಟೇಟ್‌ಮೆಂಟ್‌ನಲ್ಲಿ ಎರಡು ಸಾಲು ಬರೆದಿದ್ದಳು. ನಾನು ಓದಿ, "ಇದೇ ಮನ ಮುಟ್ಟೋದು, ಮೇಲಕ್ಕೆ ತಂದು ಇನ್ನಷ್ಟು ಬರಿ" ಎಂದೆ. 2006ರಲ್ಲಿ ಡ್ರೂ ಆಪಲ್‌ಬಿ ಮತ್ತು ಕ್ಯಾರೆನ್ ಆಪಲ್‌ಬಿ ಸೈಕಾಲಜಿ ವಿಭಾಗಗಳ ಪ್ರವೇಶ ಸಮಿತಿಗಳ ಮುಖ್ಯಸ್ಥರನ್ನು ಕೇಳಿ, ಅರ್ಜಿಗಳನ್ನು ಕೆಡಿಸುವ ಸಂಗತಿಗಳ ಬಗ್ಗೆ ಒಂದು ಲೇಖನ ಪ್ರಕಟಿಸಿದ್ದರು. ಸ್ವಂತ ಮಾನಸಿಕ ಸಮಸ್ಯೆಯನ್ನು ತೋಡಿಕೊಳ್ಳುವುದು ಅದರಲ್ಲಿ ಎದ್ದು ಕಾಣುತ್ತದೆ. ಮನಸ್ಸಿನ ಕಾಯಿಲೆಯ ಕಳಂಕವನ್ನು ಕಳೆಯಬೇಕಾದವರೇ ಹೀಗೆ ತೂಗುವುದು ನನಗೆ ಈಗಲೂ ಸರಿಕಾಣದು. ಆದರೆ ಆ ಹಾಳೆಯಲ್ಲಿ ಅವರು ಹುಡುಕುವುದು ಸಂಶೋಧನೆಯ ಪ್ರಶ್ನೆಯನ್ನು, ಆತ್ಮಕಥೆಯನ್ನಲ್ಲ. ಅದೇ ಲೇಖನ ಶಿಫಾರಸು ಪತ್ರಗಳ ಬಗ್ಗೆಯೂ ಎಚ್ಚರಿಸುತ್ತದೆ. ನಾವು ನನ್ನ ಗೆಳೆಯರೊಬ್ಬ ಹೃದ್ರೋಗ ತಜ್ಞರಿಂದ ಪತ್ರ ಬರೆಸಿದ್ದೆವು. ಅವಳು ಅವರ ಕ್ಲಿನಿಕ್ಕಿನಲ್ಲಿ ಕಳೆದದ್ದು ಹತ್ತು ದಿನ.

ಮೂರನೆಯದು ಅವಸರ. ಡಿಗ್ರಿ ಮುಗಿದ ತಕ್ಷಣ ಸೇರುವವರು ಕಡಿಮೆ. ಬಹಳ ಮಂದಿ ಒಂದೆರಡು ವರ್ಷ ವಿಶ್ವವಿದ್ಯಾಲಯದಲ್ಲೋ ಆಸ್ಪತ್ರೆಯಲ್ಲೋ ರಿಸರ್ಚ್ ಅಸಿಸ್ಟೆಂಟ್ ಆಗಿ ದುಡಿದು, ಒಂದು ಸಮ್ಮೇಳನದಲ್ಲಾದರೂ ಪೋಸ್ಟರ್ ಮಂಡಿಸಿ ಆಮೇಲೆ ಅರ್ಜಿ ಹಾಕುತ್ತಾರೆ. ಸಂಬಳ ಕಡಿಮೆ. "ಇಷ್ಟು ಓದಿ ಫೋನ್ ಮಾಡಿ ಪ್ರಶ್ನಾವಳಿ ತುಂಬಿಸೋ ಕೆಲಸಾನಾ?" ಎಂದು ನನ್ನ ತಮ್ಮ ಕೇಳಿದ್ದುಂಟು. ಆ ಕೆಲಸದಲ್ಲೇ ಅವಳಿಗೆ ಪತ್ರ ಬರೆಯುವವರು ಸಿಕ್ಕಿದರು, ತನ್ನ ಪ್ರಶ್ನೆ ಯಾವುದು ಎಂಬುದೂ ತಿಳಿಯಿತು.

ದಿನಾಂಕಗಳು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ: ಅರ್ಜಿಗೆ ಡಿಸೆಂಬರ್ 1ರ ಆಸುಪಾಸು, ಸಂದರ್ಶನ ಜನವರಿ-ಫೆಬ್ರವರಿ, ಒಪ್ಪಿಗೆಗೆ ಏಪ್ರಿಲ್ 15. ಜಿಆರ್‌ಇ ಈಗ ಅನೇಕ ಕಡೆ ಬೇಕಿಲ್ಲ. ತಂದೆತಾಯಂದಿರು ನೋಡಲೇಬೇಕಾದದ್ದು ಇನ್ನೊಂದಿದೆ: ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ಮಾನ್ಯತೆ ಇರುವ ಪ್ರತಿ ವಿಭಾಗವೂ ಎಷ್ಟು ವರ್ಷ ಹಿಡಿಯುತ್ತದೆ, ಎಷ್ಟು ಖರ್ಚು, ಎಷ್ಟು ಮಂದಿ ನಡುವೆ ಬಿಟ್ಟರು, ಎಷ್ಟು ಮಂದಿಗೆ ಇಂಟರ್ನ್‌ಶಿಪ್ ಮತ್ತು ಲೈಸೆನ್ಸ್ ಸಿಕ್ಕಿತು ಎಂಬ ಅಂಕಿಗಳನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸಲೇಬೇಕು. ಕಾಲೇಜಿನ ಬಣ್ಣದ ಪುಸ್ತಿಕೆಗಿಂತ ಆ ಒಂದು ಕೋಷ್ಟಕ ಮೇಲು. ಮಾನ್ಯತೆಯೇ ಇಲ್ಲದ ಕಡೆ ಕಾಲಿಡಬೇಡಿ.

ಇಂಟರ್ನ್‌ಶಿಪ್ ಎಂದೆ. ಪದವಿಯ ಕೊನೆಗೆ ಒಂದು ವರ್ಷದ ಪೂರ್ಣಾವಧಿ ತರಬೇತಿ ಕಡ್ಡಾಯ. ಅದಕ್ಕೆ ರೆಸಿಡೆನ್ಸಿಯ ಹಾಗೆಯೇ ರಾಷ್ಟ್ರಮಟ್ಟದ ಮ್ಯಾಚ್ ಇದೆ. ವೀಸಾದಲ್ಲಿರುವ ನಮ್ಮವರ ಮಕ್ಕಳು ಇಲ್ಲೊಂದು ವಿಷಯ ತಿಳಿದಿರಬೇಕು. ಈ ತರಬೇತಿಯನ್ನು ದೊಡ್ಡ ಪ್ರಮಾಣದಲ್ಲಿ ಕೊಡುವ ವೆಟರನ್ಸ್ ಅಫೇರ್ಸ್ ಆಸ್ಪತ್ರೆಗಳು ಅಮೆರಿಕದ ಪೌರರನ್ನಷ್ಟೇ ತೆಗೆದುಕೊಳ್ಳುತ್ತವೆ. ಎಚ್-4ನಲ್ಲಿ ಬೆಳೆದು 21 ತುಂಬಿದಾಗ ಎಫ್-1ಗೆ ಬದಲಾದ ಮಕ್ಕಳಿಗೆ ಆ ಬಾಗಿಲು ಮುಚ್ಚಿರುತ್ತದೆ. ಬೇರೆ ಆಸ್ಪತ್ರೆಗಳಿವೆ, ಆದರೆ ಲೆಕ್ಕವನ್ನು ಮೊದಲೇ ಹಾಕಿಕೊಂಡಿರಬೇಕು. ಪದವಿಯ ನಂತರ ರಾಜ್ಯದ ಲೈಸೆನ್ಸಿಗೆ ಇಪಿಪಿಪಿ ಎಂಬ ಪರೀಕ್ಷೆ, ಬಹಳ ಕಡೆ ಇನ್ನೊಂದು ವರ್ಷದ ಮೇಲ್ವಿಚಾರಣೆಯ ಕೆಲಸ. ಒಟ್ಟು ಏಳೆಂಟು ವರ್ಷ. ಚಿಕಿತ್ಸೆ ಮಾಡಬೇಕು, ಸಂಶೋಧನೆ ಬೇಡ ಎನ್ನುವ ಮಕ್ಕಳಿಗೆ ಕೌನ್ಸೆಲಿಂಗ್ ಅಥವಾ ಸೋಷಿಯಲ್ ವರ್ಕ್‌ನ ಎರಡು-ಮೂರು ವರ್ಷದ ಮಾಸ್ಟರ್ಸ್ ಸಾಕಾಗಬಹುದು. ಅದು ಕಡಿಮೆಯ ದಾರಿಯಲ್ಲ.

ನಮ್ಮ ಹುಡುಗಿ ಎರಡು ವರ್ಷ ಒಂದು ಲ್ಯಾಬಿನಲ್ಲಿ ದುಡಿದು ಮತ್ತೆ ಅರ್ಜಿ ಹಾಕಿದಳು, ಈ ಸಲ ಒಂಬತ್ತು ಕಡೆ, ಒಂಬತ್ತು ಪ್ರೊಫೆಸರುಗಳ ಲೇಖನಗಳನ್ನು ಓದಿಕೊಂಡು. ಮೂರು ಕಡೆ ಸಂದರ್ಶನ, ಒಂದು ಕಡೆ ಸೀಟು. ವಲಸೆ ಬಂದ ಕುಟುಂಬಗಳ ವೃದ್ಧರಲ್ಲಿ ಖಿನ್ನತೆ ಅವಳ ವಿಷಯ. ಈ ವರ್ಷ ಇಂಟರ್ನ್‌ಶಿಪ್ಪಿಗೆ ಅರ್ಜಿ ಹಾಕುತ್ತಿದ್ದಾಳೆ. ಪ್ರಬಂಧಗಳನ್ನು ನನಗೆ ತೋರಿಸಿಲ್ಲ, ನಾನೂ ಕೇಳಿಲ್ಲ.