ನಿಮಗಿದು ಗೊತ್ತೇ? ಟವರ್ ಫುಲ್ ಇದ್ದರೂ ವಿಡಿಯೊ ಹೋಗದು!

ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆಯ ನೂಕುನುಗ್ಗಲಿನಲ್ಲಿ ‘ಟವರ್ ಫುಲ್ ಇದೆ, ಆದ್ರೂ ವಿಡಿಯೊ ಹೋಗ್ತಿಲ್ಲ’ ಅನ್ನುವವರು ಬಹಳ. ಫೋನಿನ ಕಡ್ಡಿಗಳು ತೋರಿಸುವುದು ಸಿಗ್ನಲ್ಲಿನ ಬಲವನ್ನು ಮಾತ್ರ. ಟವರಿನಲ್ಲಿ ಎಷ್ಟು ಜಾಗ ಉಳಿದಿದೆ ಎಂಬುದನ್ನು ಅವು ಹೇಳುವುದಿಲ್ಲ. ಆ ಜಾಗವನ್ನು ಅಲ್ಲಿ ನೆರೆದವರೆಲ್ಲ ಹಂಚಿಕೊಳ್ಳಬೇಕು.

ಎಷ್ಟು ಜನಕ್ಕೆ ಎಷ್ಟು ಫೋನ್ ಲೈನ್ ಬೇಕೆಂಬ ಲೆಕ್ಕ ಹಳೆಯದು. ಡೆನ್ಮಾರ್ಕಿನ ಗಣಿತಜ್ಞ ಎ.ಕೆ. ಎರ್ಲಾಂಗ್ 1909ರಲ್ಲೇ ಈ ಲೆಕ್ಕಕ್ಕೆ ಬುನಾದಿ ಹಾಕಿದ. ಕರೆಗಳ ದಟ್ಟಣೆಯ ಅಳತೆಗೆ ಇಂದಿಗೂ ಅವನದೇ ಹೆಸರು.

ಕರೆಗೆ ಲೈನಿನ ಲೆಕ್ಕವಿದ್ದಂತೆ ಸಂದೇಶಕ್ಕೆ ಅಕ್ಷರದ ಲೆಕ್ಕ. ಇಂಗ್ಲಿಷಿನ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಸುತ್ತವೆ. ಕನ್ನಡಕ್ಕೆ ಬರೀ 70. ಅದರಲ್ಲೂ ಗುಣಿತ, ಒತ್ತು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ನಮ್ಮ ಕಣ್ಣಿಗೆ ‘ದಾವಣಗೆರೆ’ ಐದೇ ಅಕ್ಷರ, ಫೋನಿನ ಲೆಕ್ಕದಲ್ಲಿ ಎಂಟು. ‘ಹರಿಹರೇಶ್ವರ’ ಆರಲ್ಲ, ಹತ್ತು! ಒಂದೇ ಸಂದೇಶದಲ್ಲಿ 150ಕ್ಕೂ ಹೆಚ್ಚು ಕನ್ನಡ ಚಿಹ್ನೆ ಹಿಡಿಸುವ ಸಂಕೇತಪಟ್ಟಿ ಮೊಬೈಲ್ ಮಾನದಂಡದಲ್ಲೇ ಇದೆ, ಆದರೆ ಹೆಚ್ಚು ಬಳಕೆಗೆ ಬರಲಿಲ್ಲ. ಇದು ಕನ್ನಡಕ್ಕೆ ಆದ ಅನ್ಯಾಯವೇ ಸರಿ.

ಎಂಎಂಎಸ್ ಕಾಲದಲ್ಲಿ ಫೋಟೊ ನೇರವಾಗಿ ಇನ್ನೊಬ್ಬರ ಫೋನಿಗೆ ಹೋಗುತ್ತಿರಲಿಲ್ಲ. ಕಂಪನಿಯ ಕೇಂದ್ರದಲ್ಲಿ ತಂಗುತ್ತಿತ್ತು. ‘ಫೋಟೊ ಬಂದಿದೆ’ ಎಂಬ ಸಣ್ಣ ಸುದ್ದಿ ಮೊದಲು, ಫೋಟೊ ಆಮೇಲೆ.

ನೀವು ನೋಡುವ ವಿಡಿಯೊ ಇಡಿಯಾಗಿ ಬರುವುದಿಲ್ಲ, ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಬರುತ್ತದೆ. ಪ್ರತಿ ತುಣುಕನ್ನೂ ಹಲವು ಗುಣಮಟ್ಟದಲ್ಲಿ ಮೊದಲೇ ಮಾಡಿಟ್ಟಿರುತ್ತಾರೆ. ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಹೋಗುವಾಗ ಚಿತ್ರ ಒಮ್ಮೆ ಮಸುಕಾಗಿ ಮತ್ತೆ ತಿಳಿಯಾಗುವುದು ಇದರಿಂದಲೇ. ಒಂದು ಟವರಿನಿಂದ ಇನ್ನೊಂದಕ್ಕೆ ದಾಟುತ್ತ ಹೋದಂತೆ, ಸಿಕ್ಕ ಜಾಗಕ್ಕೆ ತಕ್ಕ ತುಣುಕನ್ನು ಫೋನೇ ಕೇಳಿ ತರಿಸಿಕೊಳ್ಳುತ್ತದೆ.

ಬೆಣ್ಣೆದೋಸೆ ಹೋಟೆಲಿನವರು ಗಿರಾಕಿ ಬಂದಮೇಲೆ ಅಕ್ಕಿ ನೆನೆಹಾಕುವುದಿಲ್ಲ, ಹಿಟ್ಟು ಸಿದ್ಧವಿರುತ್ತದೆ. ಹೆಚ್ಚು ಜನ ನೋಡುವ ವಿಡಿಯೊಗಳ ಪ್ರತಿಯನ್ನೂ ಹಾಗೆಯೇ ಮೊಬೈಲ್ ಕಂಪನಿಗಳ ಜಾಲದೊಳಗಿನ ಸರ್ವರ್‌ಗಳಲ್ಲಿ ಮೊದಲೇ ಇಟ್ಟಿರುತ್ತಾರೆ. ಈ ಏರ್ಪಾಡು ಇಲ್ಲದಿದ್ದರೆ ಬರೀ ಟವರ್ ನೆಟ್ಟರೆ ಸಾಲುತ್ತಿರಲಿಲ್ಲ.

ಒಂದೇ ಟವರಿನಡಿ 200 ಜನ ಒಂದೇ ಕ್ರಿಕೆಟ್ ಪಂದ್ಯ ನೋಡಿದರೆ, ಟವರ್ 200 ಸಲ ಅದನ್ನೇ ಕಳಿಸುತ್ತದೆ. ರೇಡಿಯೊದಂತೆ ಒಮ್ಮೆ ಬಿತ್ತರಿಸಿ ಎಲ್ಲರಿಗೂ ಮುಟ್ಟಿಸುವ ವಿಧಾನ 3ಜಿ ಮಾನದಂಡದಲ್ಲೇ ಬಂದಿತ್ತು. ಅದನ್ನು ಹಿಡಿಯಬಲ್ಲ ಫೋನ್‌ಗಳು ಕಡಿಮೆಯಿದ್ದುದೂ ಅದು ಹರಡದಿರಲು ಒಂದು ಕಾರಣ.

ಟವರಿನ ಭಾರ ಇಳಿಸಲು ವಿಡಿಯೊವನ್ನೇ ಕುಗ್ಗಿಸಲೂಬಹುದು. 2013ರಲ್ಲಿ ಬಂದ ಎಚ್.265 ಎಂಬ ವಿಡಿಯೊ ಸಂಕೋಚನ ವಿಧಾನ, 2003ರ ಎಚ್.264ಕ್ಕಿಂತ ಸುಮಾರು ಅರ್ಧ ಡೇಟಾದಲ್ಲಿ ಅಷ್ಟೇ ಚೆಂದದ ಚಿತ್ರ ಕೊಡುತ್ತದೆ.

5ಜಿ ನಮ್ಮ ದೇಶಕ್ಕೆ ಬಂದದ್ದು 2022ರ ಅಕ್ಟೋಬರ್ 1ರಂದು. ಅದರ 700 ಮೆಗಾಹರ್ಟ್ಸ್ ಅಲೆ ಬಹುದೂರ ಹೋಗುತ್ತದೆ, ಹೊರುವ ಭಾರ ಕಡಿಮೆ. 3,500ರ ಸುಮಾರಿನದು ಬಹಳ ಹೊರುತ್ತದೆ, ದೂರ ಹೋಗದು.

ಮುಂದಿನ ಜಾತ್ರೆಯಲ್ಲಿ ಮಗುವೋ ಹಿರಿಯರೋ ಕೈತಪ್ಪಿದರೆ ವಿಡಿಯೊ ಕಾಲ್‌ಗೆ ಒದ್ದಾಡಬೇಡಿ. ನೀವಿರುವ ಜಾಗವನ್ನು ಜೊತೆಯವರಿಗೆ ಒಂದು ಸಾದಾ ಎಸ್‌ಎಂಎಸ್‌ನಲ್ಲಿ ಬರೆದು ಕಳಿಸಿ. ಟವರಿನಲ್ಲಿ ದಟ್ಟಣೆ ಇದ್ದಾಗಲೂ ಅದಕ್ಕೆ ಜಾಗ ಸಿಗುವ ಸಾಧ್ಯತೆ ಹೆಚ್ಚು.