ಉಸಿರು ಉಳಿಸಿದವನ ಬೇಟೆ

ಉತ್ತರ ಅಮೆರಿಕದ ಬಯಲುಸೀಮೆ. 1830ರ ದಶಕದ ಒಂದು ಬೇಸಿಗೆಯ ಬೆಳಗು. ಗಾಳಿ ಎದುರಿನಿಂದ ಬೀಸುತ್ತಿದೆ. ದಿಬ್ಬದ ಮರೆಯಲ್ಲಿ ಕೊಮಾಂಚಿ ಬುಡಕಟ್ಟಿನ ಬೇಟೆಗಾರರು ಒಂದು ಕುದುರೆಯಿಂದ ಇಳಿದು ಇನ್ನೊಂದನ್ನು ಹತ್ತುತ್ತಿದ್ದಾರೆ. ಇಲ್ಲಿಯವರೆಗೆ ಹೊತ್ತು ತಂದದ್ದು ದಿನದ ಓಡಾಟದ ಕುದುರೆ. ಬರಿಬೆನ್ನಲ್ಲಿ ಪಕ್ಕದಲ್ಲೇ ನಡೆದು ಬಂದದ್ದು ಬೈಸನ್ ಬೇಟೆಯ ಕುದುರೆ. ಅದರ ಮೇಲೆ ಹೊರೆ ಹೇರುವುದಿಲ್ಲ. ರಾತ್ರಿ ಡೇರೆಯ ಬಾಗಿಲಲ್ಲೇ ಕಟ್ಟುತ್ತಾರೆ, ಏಕೆಂದರೆ ಕದಿಯಲು ಬಂದವರ ಕಣ್ಣು ಮೊದಲು ಬೀಳುವುದು ಅದರ ಮೇಲೆಯೇ.

ಜೀನಿಲ್ಲ. ಕೆಳದವಡೆಗೆ ಬಿಗಿದ ಹಗ್ಗವೇ ಲಗಾಮು.

ದಿಬ್ಬ ದಾಟಿದ್ದೇ ತಡ, ಹಿಂಡು ಕಿತ್ತು ಓಡುತ್ತದೆ. ಬೈಸನ್ ನಮ್ಮ ಮಲೆನಾಡಿನ ಕಾಟಿಯ ದೂರದ ಬಂಧು. ದೊಡ್ಡ ಗೂಳಿ 900 ಕಿಲೋ ತೂಗಿದರೂ ಗಂಟೆಗೆ 50 ಕಿ.ಮೀ. ವೇಗದಲ್ಲಿ ಓಡಬಲ್ಲದು. ಧೂಳಿನಲ್ಲಿ ಕುದುರೆ ಅದರ ಬಲಮಗ್ಗುಲಿಗೆ ಬಂದು, ಕೈಗೆಟುಕುವಷ್ಟು ಹತ್ತಿರ ಓಡುತ್ತದೆ. ಸವಾರನ ಎರಡೂ ಕೈ ಬಿಲ್ಲಿನ ಮೇಲೆ. ಮಂಡಿಯ ಒತ್ತೇ ಅವನ ಮಾತು. ಹೆದೆ ಮಿಡಿದ ಸದ್ದು ಕೇಳಿದೊಡನೆ ಕುದುರೆ ತಾನಾಗಿ ಪಕ್ಕಕ್ಕೆ ಸರಿಯುತ್ತದೆ, ಕೊಂಬು ಇತ್ತ ತಿರುಗುವ ಮೊದಲೇ. ಇಂಥ ಪ್ರಾಣಿಯನ್ನು ಪಳಗಿಸಿದವರ ತಾಳ್ಮೆ ನನ್ನನ್ನು ಬೆರಗುಗೊಳಿಸುತ್ತದೆ.

ಆ ಹೊತ್ತಿನಲ್ಲಿ ಕುದುರೆಯ ಒಳಗೆ ನಡೆಯುವುದು ಇನ್ನೂ ದೊಡ್ಡ ಬೆರಗು. ಅದು ಬಾಯಿಂದ ಉಸಿರಾಡುವುದಿಲ್ಲ, ಬೇಕಾದ ಗಾಳಿಯೆಲ್ಲ ಅರಳಿದ ಹೊಳ್ಳೆಗಳಿಂದಲೇ ಬರಬೇಕು. ನಾಗಾಲೋಟದಲ್ಲಿ ಒಂದು ನೆಗೆತಕ್ಕೆ ಒಂದು ಉಸಿರು. ನಿಂತಾಗ ನಿಮಿಷಕ್ಕೆ 30–40 ಸಲ ಬಡಿಯುವ ಹೃದಯ ಈಗ 200 ದಾಟಿರುತ್ತದೆ. ಗುಲ್ಮ ಕುಗ್ಗಿ, ಕೂಡಿಟ್ಟ ಕೆಂಪು ಕಣಗಳನ್ನೆಲ್ಲ ರಕ್ತಕ್ಕೆ ಸುರಿಯುತ್ತದೆ. ಆದರೆ ಈ ಗಂಟು ಬಹುಬೇಗ ಕರಗುತ್ತದೆ. ದಿನವಿಡೀ ನಡೆಯಬಲ್ಲ ಕುದುರೆಯೂ ಪೂರ್ತಿ ವೇಗವನ್ನು ಕೆಲವೇ ನಿಮಿಷ ಹಿಡಿದಿಡಬಲ್ಲದು. ಮೈಯಿಂದ ಬೆವರು ನೊರೆಯಾಗಿ ಇಳಿದ ಮೇಲೆ ಹುರಿದುಂಬಿಸಿ ಫಲವಿಲ್ಲ. ಅದಕ್ಕೇ ದಿಬ್ಬದವರೆಗೆ ಅದನ್ನು ಹತ್ತದೆ ನಡೆಸಿಕೊಂಡು ಬಂದದ್ದು. ಬೇಟೆ ಗೆದ್ದದ್ದು ಓಟದಲ್ಲಲ್ಲ, ಓಟಕ್ಕೆ ಮುಂಚಿನ ಆ ಜಿಪುಣತನದಲ್ಲಿ.

ಸ್ಪೇನಿನವರು ತಂದ ಕುದುರೆಗಳ ಸಂತತಿ ಇವು. ಕೆಲವೇ ತಲೆಮಾರುಗಳಲ್ಲಿ ಕೊಮಾಂಚಿಗಳ ಊಟ, ಡೇರೆಯ ಚರ್ಮ, ಯುದ್ಧ, ಮದುವೆಯ ಉಡುಗೊರೆ ಎಲ್ಲವೂ ಇವುಗಳನ್ನೇ ನೆಚ್ಚಿದವು. ಇದನ್ನು ಅಮೆರಿಕದ ಸೈನ್ಯವೂ ಚೆನ್ನಾಗಿ ಅರಿತಿತ್ತು. 1874ರ ಸೆಪ್ಟೆಂಬರಿನಲ್ಲಿ ಕರ್ನಲ್ ರಾನಾಲ್ಡ್ ಮೆಕೆಂಜಿಯ ಪಡೆ ಟೆಕ್ಸಾಸಿನ ಪಾಲೊ ಡ್ಯೂರೊ ಕಣಿವೆಯಲ್ಲಿ ಬೀಡುಬಿಟ್ಟಿದ್ದ ಕೊಮಾಂಚಿ, ಕಯೋವಾ, ಶೈಯನ್ ಜನರ ಮೇಲೆ ಬಿತ್ತು. ಸತ್ತವರು ಬೆರಳೆಣಿಕೆಯಷ್ಟು ಜನ. ಆದರೆ ಸಿಕ್ಕ ಕುದುರೆಗಳಲ್ಲಿ ಸಾವಿರಕ್ಕೂ ಹೆಚ್ಚನ್ನು ಮೆಕೆಂಜಿ ಗುಂಡಿಟ್ಟು ಕೊಲ್ಲಿಸಿದ. ಚಳಿಗಾಲ ಎದುರಿಗಿತ್ತು, ಬೇಟೆಗೆ ಹೋಗುವ ದಾರಿ ಮುಚ್ಚಿತ್ತು. ಮುಂದಿನ ವರ್ಷ ಜೂನ್ ಹೊತ್ತಿಗೆ ಕೊಮಾಂಚಿಗಳ ಕೊನೆಯ ಸ್ವತಂತ್ರ ತಂಡವೂ ಸೈನ್ಯದ ಠಾಣೆಯಾದ ಫೋರ್ಟ್ ಸಿಲ್‌ಗೆ ಬಂದು ಶರಣಾಯಿತು.